ಎಲ್ಲರೂ ಓದಿದ ಕಾಗದಗಳು

ಎರಡನೆಯ ಮಹಾಯುದ್ಧದಲ್ಲಿ ಸಮುದ್ರದಾಚೆಗೆ ಹೋಗಿದ್ದ ನನ್ನ ತಾತ ಮನೆಗೆ ಬರೆದ ಕಾಗದಗಳೂ, ಕುರುಗೋಡಿನ ಹತ್ತಿರದ ನಮ್ಮ ಊರಿನಿಂದ ಮನೆಯವರು ಅವರಿಗೆ ಬರೆಯಿಸಿದ ಕಾಗದಗಳೂ ಒಂದೇ ತಗಡಿನ ಟ್ರಂಕಿನಲ್ಲಿ ಎರಡು ಗಂಟುಗಳಾಗಿ ಉಳಿದಿದ್ದವು. ಮೊದಲ ಗಂಟನ್ನು ಕಟ್ಟಿದವರು ತಾತನ ತಂದೆ, ಅಂದರೆ ನನ್ನ ಮುತ್ತಜ್ಜ. ಹಣದ ಲೆಕ್ಕಕ್ಕೆ ಮುಂದೆ ಬೇಕಾದೀತೆಂದು ಅವರು ಮನಿಯಾರ್ಡರಿನ ಚೀಟಿಗಳ ಜೊತೆಗೆ ಮಗನ ಕಾಗದಗಳನ್ನೂ ಕೊಕ್ಕೆಯ ತಂತಿಗೆ ಚುಚ್ಚಿ ತೂಗುಹಾಕಿದ್ದರಾದ್ದರಿಂದ ಆ ಗಂಟಿನ ಪ್ರತಿಯೊಂದು ಕಾಗದದ ನಡುವೆಯೂ ತುಕ್ಕಿನ ಬಣ್ಣದ ಒಂದು ತೂತು ಇದೆ. ಎರಡನೆಯ ಗಂಟನ್ನು ತಾತ 1946ರಲ್ಲಿ ಹಿಂದಿರುಗುವಾಗ ತಮ್ಮ ಸಾಮಾನಿನ ಚೀಲದಲ್ಲಿ ತಂದರು. ಯೋಧನು ಬರೆದದ್ದು ಮನೆಯಲ್ಲಿ ಉಳಿಯುವುದು ಸಾಮಾನ್ಯ; ಮನೆಯವರು ಬರೆದದ್ದು ಯೋಧನ ಬಳಿ ಉಳಿಯುವುದು ಅಪರೂಪ, ಏಕೆಂದರೆ ದಿನಕ್ಕೊಂದು ನೆಲೆ ಬದಲಾಯಿಸುವವನಿಗೆ ಕಾಗದವೂ ಒಂದು ಹೊರೆಯೇ. ಎರಡೂ ಕಡೆಯ ಮಾತು ಕೈಯಲ್ಲಿರುವುದರಿಂದಲೇ ಇವುಗಳನ್ನು ಜೋಡಿಸಿ, ಓದಿ, ಪ್ರತಿ ಮಾಡುವ ಕೆಲಸಕ್ಕೆ ನಾನು ಇಳಿದೆ. ಅಂಥ ಗಂಟು ಮನೆಯಲ್ಲಿರುವ ಇತರರಿಗೆ ಉಪಯೋಗವಾದೀತೆಂದು ಆ ಕೆಲಸ ನಡೆದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಆರಂಭಿಸಿದಾಗ ನಮ್ಮ ಬಳಗದಲ್ಲಿ ಹಲವರು ಇದನ್ನು ಪ್ರೇಮಪತ್ರಗಳ ಗಂಟೆಂದೇ ಭಾವಿಸಿದ್ದರು. ಮೊದಲ ಓದಿನಲ್ಲಿ ಸಿಕ್ಕಿದ್ದು ಎತ್ತುಗಳು, ಸಾಲ, ಹತ್ತಿಯ ಧಾರಣೆ, ಯಾರದೋ ಮದುವೆಗೆ ಕೊಡಬೇಕಾದ ಮುಯ್ಯಿ, ಮತ್ತು ಈ ತಿಂಗಳ ಹಣ ಬಂತೇ ಇಲ್ಲವೇ ಎಂಬ ಪ್ರಶ್ನೆ. ತಾತನ ಒಂದು ಕಾಗದವೂ ಅಜ್ಜಿಯ ಹೆಸರಿಗಿಲ್ಲ. ಎಲ್ಲವೂ ತೀರ್ಥರೂಪ ತಂದೆಯವರಿಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳಿಂದ ಆರಂಭವಾಗಿ, ಊರಿನ ಹಿರಿಯರೆಲ್ಲರ ಕ್ಷೇಮವನ್ನು ಕೇಳಿ, ಕೊನೆಯಲ್ಲಿ ಮನೆಯಲ್ಲಿ ಎಲ್ಲರಿಗೂ ತಿಳಿಸುವುದು ಎಂದು ಮುಗಿಯುತ್ತವೆ. ಆ "ಎಲ್ಲರಿಗೂ" ಎಂಬುದರೊಳಗೆ ಅಜ್ಜಿ ಸೇರಿದ್ದಳು, ಅಷ್ಟೆ. ಮನೆಯ ಕಾಗದಗಳಲ್ಲೂ ಹೇಳುವವರು ಮುತ್ತಜ್ಜ, ಬರೆಯುವವರು ಊರಿನ ಶಾಲೆಯ ಮೇಷ್ಟ್ರು. ಸೊಸೆಯ ಮಾತು ಬಂದರೆ ಅದು ಕೊನೆಯ ಎರಡು ಸಾಲಿನಲ್ಲಿ, ಅದೂ ಮಾವನ ಬಾಯಿಂದ.

ಓದುವುದಕ್ಕಿಂತ ಮೊದಲು ಅವುಗಳನ್ನು ಕೆಡದಂತೆ ಬಿಡಿಸಬೇಕಿತ್ತು. ಬಳ್ಳಾರಿಯ ಬಿಸಿಲಿಗೆ ಕಾಗದ ಒಣಗಿ, ಮಡಿಕೆ ಬಿದ್ದಲ್ಲೆಲ್ಲ ಮುಟ್ಟಿದರೆ ಮುರಿಯುವಂತಾಗಿತ್ತು. ಹಳೆಯ ದಾಖಲೆಗಳ ಸಂರಕ್ಷಣೆಯಲ್ಲಿ ಅನುಭವವಿದ್ದ ಒಬ್ಬ ನಿವೃತ್ತ ಗ್ರಂಥಪಾಲಕರು ಮೊದಲು ಕೇಳಿದ್ದು, ಬರಹ ಶಾಯಿಯದೋ ಪೆನ್ಸಿಲ್ಲಿನದೋ ಎಂದು. ತಾತನ ಬರಹದ ಬಹುಭಾಗ ಕಾಪಿಯಿಂಗ್ ಪೆನ್ಸಿಲ್ಲಿನದು. ಆ ಕಾಲದ ಸೈನ್ಯದಲ್ಲೂ ಕಚೇರಿಗಳಲ್ಲೂ ಬಳಕೆಯಲ್ಲಿದ್ದ ಈ ಪೆನ್ಸಿಲ್ಲಿನ ಕಡ್ಡಿಯಲ್ಲಿ ಬಣ್ಣ ಬೆರೆತಿರುತ್ತದೆ. ಒಣಗಿದ್ದಾಗ ಬೂದುಬಣ್ಣವಾಗಿ ಕಾಣುವ ಅಕ್ಷರ ತೇವ ತಗುಲಿದ ಕೂಡಲೇ ನೇರಳೆಯಾಗಿ ಹರಡುತ್ತದೆ. ಮಡಿಕೆಗಳನ್ನು ಸಡಿಲಿಸಲು ಹಳೆಯ ಕಾಗದಕ್ಕೆ ತುಸು ತೇವ ಕೊಡುವ ಕ್ರಮವೊಂದುಂಟು. ಇಲ್ಲಿ ಅದು ಸಲ್ಲದೆಂದು ಅವರು ಖಂಡಿತವಾಗಿ ಹೇಳಿದರು. ಏರ್ ಕೂಲರ್ ಇರುವ ಕೋಣೆಯೂ ಆಗದು, ಏಕೆಂದರೆ ಅದು ಬೀಸುವುದೇ ನೀರಿನ ಗಾಳಿ. ಆದ್ದರಿಂದ ಬಿಸಿಲು ಇಳಿದ ಪುಷ್ಯ ಮಾಘದ ದಿನಗಳಲ್ಲಿ, ಫ್ಯಾನು ಕೂಡ ಇಲ್ಲದೆ, ಕಾಗದಗಳನ್ನು ಒಂದೊಂದಾಗಿ ಬಿಡಿಸಿ, ಮೃದುವಾದ ಕುಂಚದಿಂದ ಧೂಳು ತೆಗೆದು, ಎರಡು ಬಿಳಿಯ ಹಾಳೆಗಳ ನಡುವೆ ಪುಸ್ತಕಗಳ ಭಾರ ಹೇರಿ ಇಟ್ಟೆ. ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕೋಣವೆಂದು ಸೋದರ ಸಂಬಂಧಿಯೊಬ್ಬರು ಒತ್ತಾಯಿಸಿದರು. ಬಿಸಿಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು; ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಎರಡನ್ನೂ ಬೇಡವೆಂದೆ. ಅದರಿಂದ ಬಂದ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ.

ಸ್ಕ್ಯಾನ್ ಮಾಡುವುದು ಸುಲಭದ ಭಾಗವಾಗಿತ್ತು. ಕಪ್ಪುಬಿಳುಪಿನಲ್ಲಲ್ಲದೆ ಬಣ್ಣದಲ್ಲಿ, 600 ಡಿಪಿಐನಲ್ಲಿ, ಬರಹವಿಲ್ಲದ ಹಿಂಬದಿಯನ್ನೂ ಬಿಡದೆ ಮಾಡಿದೆ. ಹಿಂಬದಿಯನ್ನು ಬಿಡಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕಾಗದ ಕೈಸೇರಿದ ದಿನವನ್ನು ಮೇಷ್ಟ್ರು ಬರೆದಿಡುತ್ತಿದ್ದುದು ಅಲ್ಲಿಯೇ.

ಕಾಲಕ್ರಮಕ್ಕೆ ತರುವುದು ಮಾತ್ರ ಕಷ್ಟವಾಯಿತು. ತಾತ ಇಂಗ್ಲಿಷ್ ತಾರೀಖು ಹಾಕುತ್ತಿದ್ದರು. ಸೈನ್ಯ ಅದನ್ನು ಅಭ್ಯಾಸ ಮಾಡಿಸಿತ್ತು. ಮೇಷ್ಟ್ರು ಸಂವತ್ಸರ, ಮಾಸ, ತಿಥಿಗಳಲ್ಲಿ ಬರೆಯುತ್ತಿದ್ದರು. ಚಿತ್ರಭಾನು ಎಂದರೆ 1942ರ ಯುಗಾದಿಯಿಂದ ಮುಂದಿನ ವರ್ಷದ್ದು, ಸ್ವಭಾನು 1943ರದು, ತಾರಣ 1944ರದು, ಪಾರ್ಥಿವ 1945ರದು. ಸ್ವಭಾನು ಕಾರ್ತೀಕವೆಂದರೆ 1943ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಎಂದು ಹಳೆಯ ಪಂಚಾಂಗ ನೋಡಿ ಹೊಂದಿಸಬೇಕು. ಸಂವತ್ಸರ ಬರೆಯದೆ ಬರೇ ಕಾರ ಹುಣ್ಣಿಮೆಯ ಮರುದಿನ ಎಂದು ಬರೆದ ಕಾಗದಗಳೂ ಇವೆ. ಅವುಗಳ ವರ್ಷವನ್ನು ಒಳಗಿನ ಸುದ್ದಿಯಿಂದಲೇ ಊಹಿಸಬೇಕಾಯಿತು. ಹಣದ ಮೊತ್ತಗಳನ್ನು ರೂಪಾಯಿ, ಆಣೆ, ಕಾಸುಗಳಲ್ಲಿ, ಕಾಲು ಮುಕ್ಕಾಲುಗಳನ್ನು ಹಳೆಯ ಶಾನುಭೋಗರ ಗೀಟುಗಳಲ್ಲಿ ಬರೆದಿದ್ದರಿಂದ ಅವನ್ನು ಓದಿಸಿಕೊಳ್ಳಲು ಬೇರೆಯವರ ನೆರವು ಬೇಕಾಯಿತು.

ತಾತ ಎಲ್ಲಿಂದ ಬರೆಯುತ್ತಿದ್ದರೆಂಬುದು ಕಾಗದದಲ್ಲಿ ಎಲ್ಲೂ ಇಲ್ಲ, ಇರುವಂತೆಯೂ ಇರಲಿಲ್ಲ. ಊರಿನ ಹೆಸರು, ಹಡಗಿನ ಹೆಸರು, ತುಕಡಿಯ ಚಲನೆ, ಇವನ್ನು ಬರೆಯುವುದು ನಿಷಿದ್ಧ. ಒಂದು ಕಾಗದದಲ್ಲಿ ಅಂಥ ಹೆಸರೇನೋ ಬಂದಿದ್ದರಿಂದ ಸೆನ್ಸಾರಿನವರು ಅಷ್ಟು ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದಾರೆ. ಕಾಗದದ ಎರಡೂ ಬದಿ ಬರೆದಿದ್ದರಿಂದ ಹಿಂಬದಿಯಲ್ಲಿ ಎಮ್ಮೆ ಈದ ಸುದ್ದಿಯ ಅರ್ಧವೂ ಹೋಗಿದೆ. ಸ್ಥಳ ತಿಳಿಯಲು ಉಳಿದ ದಾರಿ ಅಂಚೆಯ ಮುದ್ರೆ. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಹಿರಿಯ ಅಂಚೆಚೀಟಿ ಸಂಗ್ರಾಹಕರೊಬ್ಬರು ಅದನ್ನು ನೋಡುವ ಬಗೆಯನ್ನು ಕಲಿಸಿದರು. ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಊರಿಗೆ ಸೇರಿದ್ದಲ್ಲ, ಸೈನ್ಯಕ್ಕೆ ಸೇರಿದ್ದು. ಸೈನ್ಯ ನಡೆದಲ್ಲಿಗೆ ಆ ಅಂಚೆ ಕಚೇರಿಯೂ ಮುದ್ರೆಯೂ ನಡೆಯುತ್ತವೆ. ಆದ್ದರಿಂದ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ, ಸಂಖ್ಯೆ ಮತ್ತು ತಾರೀಖು ಎರಡನ್ನೂ ಸೇರಿಸಿ ಆ ದಿನ ಆ ತುಕಡಿ ಎಲ್ಲಿತ್ತೆಂದು ಯುದ್ಧದ ಇತಿಹಾಸದಲ್ಲಿ ಹುಡುಕಬೇಕು. ತುಕಡಿ ಯಾವುದೆಂಬುದು ಮನೆಯ ಕಾಗದಗಳ ವಿಳಾಸದಲ್ಲಿ ಸಿಕ್ಕಿತು: ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್, 11ನೆಯ ಫೀಲ್ಡ್ ಪಾರ್ಕ್ ಕಂಪನಿ. ಬಳ್ಳಾರಿ ಜಿಲ್ಲೆ ಅಂದು ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿಯ ಹುಡುಗರು ಬೆಂಗಳೂರಿನಲ್ಲಿ ನೆಲೆಯಿದ್ದ ಆ ಪಡೆಗೆ ಸೇರುವುದು ಸಹಜವಾಗಿತ್ತು; ಇಂದು ಅದು ಮದ್ರಾಸ್ ಎಂಜಿನಿಯರ್ ಗ್ರೂಪ್. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ತೆಗೆಯುವುದು ಅವರ ಕೆಲಸ. 11ನೆಯ ಕಂಪನಿ 4ನೆಯ ಭಾರತೀಯ ಡಿವಿಷನ್‌ಗೆ ಸೇರಿತ್ತು. ಆ ಡಿವಿಷನ್ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಕಾದು, 1943ರ ಮೇ ತಿಂಗಳಲ್ಲಿ ಟ್ಯುನೀಷಿಯಾದ ಯುದ್ಧ ಮುಗಿದ ಮೇಲೆ ಇಟಲಿಗೆ ಹೋಗಿ, 1944ರ ಕೊನೆಗೆ ಗ್ರೀಸ್ ಸೇರಿತು. ಈ ಎಲುಬುಗೂಡು ದೊರೆತ ಮೇಲೆ ಕಾಗದಗಳು ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಎರಡೂ ಗಂಟುಗಳನ್ನು ಒಂದೇ ಸಾಲಿಗೆ ಹೆಣೆಯುವಾಗ ಇನ್ನೊಂದು ತೊಡಕು ಎದುರಾಯಿತು. ಕಾಗದ ಮನೆ ಸೇರಲು ಒಂದೂವರೆ ಎರಡು ತಿಂಗಳು ಹಿಡಿಯುತ್ತಿತ್ತು. ಮನೆಯವರು ಉತ್ತರ ಬರೆಯುವ ವೇಳೆಗೆ ತಾತನ ಇನ್ನೊಂದು ಕಾಗದ ಹೊರಟಿರುತ್ತಿತ್ತು. ಹೀಗಾಗಿ ಶ್ರಾವಣದಲ್ಲಿ ಕೇಳಿದ ಪ್ರಶ್ನೆಗೆ ಕಾರ್ತೀಕದಲ್ಲಿ ಉತ್ತರ, ಆ ನಡುವೆ ಮತ್ತೆರಡು ಸಾರಿ ಅದೇ ಪ್ರಶ್ನೆ. ಬರೆದ ದಿನದ ಕ್ರಮದಲ್ಲಿ ಓದಿದರೆ ಇಬ್ಬರು ಕಿವುಡರು ಮಾತಾಡಿದಂತೆ ತೋರುತ್ತದೆ. ಆದ್ದರಿಂದ ನಾನು ಎರಡು ಪಟ್ಟಿಗಳನ್ನು ಮಾಡಿದೆ: ಒಂದು ಬರೆದ ದಿನದ್ದು, ಇನ್ನೊಂದು ಕೈಸೇರಿದ ದಿನದ್ದು. ಮನೆಯವರಿಗೆ ಯಾವ ದಿನ ಎಷ್ಟು ತಿಳಿದಿತ್ತೆಂಬುದು ಎರಡನೆಯ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ತಾತ ತಮ್ಮ ಕಾಗದಗಳಿಗೆ ಸಂಖ್ಯೆ ಹಾಕುತ್ತಿದ್ದುದರಿಂದ ದಾರಿಯಲ್ಲಿ ಕಳೆದುಹೋದವುಗಳ ಲೆಕ್ಕವೂ ಸಿಕ್ಕಿತು.

ಈ ವಿಳಂಬಕ್ಕೆ ದೂರವೊಂದೇ ಕಾರಣವಲ್ಲ. ತುಕಡಿಯ ಅಧಿಕಾರಿಯೇ ಮೊದಲ ಸೆನ್ಸಾರ್. ಅವನಿಗೆ ಬಾರದ ಭಾಷೆಯ ಕಾಗದ ಹಿಂದಿನ ನೆಲೆಯ ಸೆನ್ಸಾರ್ ಕಚೇರಿಗೆ ಹೋಗಿ, ಆ ಭಾಷೆ ಬಲ್ಲವರ ಕೈಸೇರಬೇಕಿತ್ತು. ಹೀಗೆ ತಾತನ ಒಂದು ಮಾತು ಅಜ್ಜಿಯನ್ನು ಮುಟ್ಟಲು ಸೆನ್ಸಾರಿನವನು, ಕುರುಗೋಡಿನಿಂದ ಬರುತ್ತಿದ್ದ ಅಂಚೆಯವನು, ಜೋರಾಗಿ ಓದಿ ಹೇಳುವ ಮೇಷ್ಟ್ರು, ಎದುರು ಕುಳಿತ ಮಾವ, ಬಾಗಿಲ ಬಳಿ ನಿಂತ ಅತ್ತೆ, ಇವರೆಲ್ಲರನ್ನೂ ದಾಟಬೇಕಿತ್ತು. ಕಾಗದ ಬಂತೆಂದರೆ ಕಟ್ಟೆಯ ಮೇಲೆ ಹತ್ತಾರು ಜನ ಸೇರುತ್ತಿದ್ದರಂತೆ. ಅಜ್ಜಿ ಒಳಗಿನ ಪಡಸಾಲೆಯಲ್ಲಿ ನಿಂತು ಕೇಳಬೇಕು, ಇನ್ನೊಮ್ಮೆ ಓದಿ ಎಂದು ಕೇಳುವಂತಿಲ್ಲ. ಇದನ್ನು ತಿಳಿದ ಮೇಲೆ ಕಾಗದಗಳ ಮಾತು ಏಕೆ ಅಷ್ಟು ಒಣಗಿದೆ ಎಂಬ ಪ್ರಶ್ನೆ ನನಗೆ ಉಳಿಯಲಿಲ್ಲ. ಇಷ್ಟು ಜನರ ನಡುವೆ ಗಂಡ ಹೆಂಡಿರು ಏನನ್ನಾದರೂ ಹೇಳಿಕೊಂಡಿದ್ದರೆ ಹೇಗೆ ಹೇಳಿಕೊಂಡರು ಎಂಬುದನ್ನು ಹುಡುಕುವುದೇ ಅಲ್ಲಿಂದ ಮುಂದೆ ನನ್ನ ಕೆಲಸವಾಯಿತು.

ಅದಕ್ಕೆ ನನಗೆ ದಾರಿ ತೋರಿಸಿದ್ದು ನುಗ್ಗೆಯ ಗಿಡ. ತಾತನ ಹೆಚ್ಚು ಕಡಿಮೆ ಎಲ್ಲ ಕಾಗದಗಳಲ್ಲೂ, ಎತ್ತು ಹೊಲಗಳ ವಿಚಾರ ಮುಗಿದ ಮೇಲೆ, ಹಿತ್ತಲಿನ ನುಗ್ಗೆಯ ಗಿಡ ಹೇಗಿದೆ ಎಂಬ ಒಂದು ಸಾಲು ಇದೆ. ಪ್ರತಿ ಮಾಡುವಾಗ ಮೊದಮೊದಲು ಅದನ್ನು ಹೊಲಮನೆಯ ವಿಚಾರಣೆಯಲ್ಲಿಯೇ ಸೇರಿಸಿದ್ದೆ. 1942ರಲ್ಲಿ ತಾತ ಹಡಗು ಹತ್ತಿದ ಮೇಲೆ ಹುಟ್ಟಿದ ನನ್ನ ಸೋದರತ್ತೆಗೆ ಕಾಗದಗಳನ್ನು ಓದಿ ಹೇಳುತ್ತಿದ್ದಾಗ ಅವರು ಅಲ್ಲಿ ನನ್ನನ್ನು ತಡೆದರು. "ಆ ಗಿಡ ನಮ್ಮವ್ವ ಹಚ್ಚಿದ್ದವ್ವಾ. ನಮ್ಮ ತಾತಗ ಅದು ಕಣ್ಣಿಗೆ ಆಗ್ತಿದ್ದಿಲ್ಲ" ಎಂದರು. ಮನೆಯ ಬಳಿ ನುಗ್ಗೆ ಬೆಳೆಸಿದರೆ ಗಾಳಿ ಸೋಂಕು ಬರುತ್ತದೆಂಬ ನಂಬಿಕೆಯಿಂದ ಮುತ್ತಜ್ಜ ಅದನ್ನು ಕಡಿಸಲು ನೋಡುತ್ತಿದ್ದರು. ಹೊಸದಾಗಿ ಮನೆಗೆ ಬಂದ ಸೊಸೆ ತವರಿನಿಂದ ತಂದು ನೆಟ್ಟ ಕೊಂಬೆ ಅದು. ಈಗ ಅದೇ ಸಾಲುಗಳನ್ನು ಬೇರೆಯಾಗಿ ತೆಗೆದು ಒಂದರ ಕೆಳಗೊಂದು ಬರೆದೆ. ಗಿಡ ಹೇಗಿದೆ, ಗಿಡಕ್ಕೆ ನೀರು ಹಾಕುವವರು ಯಾರು, ಗಿಡಕ್ಕೆ ಬಿಸಿಲು ಹೆಚ್ಚಾದರೆ ತಿಳಿಸುವುದು, ಗಿಡವನ್ನು ಕಡಿಯಬಾರದಾಗಿ ಬೇಡಿಕೊಳ್ಳುತ್ತೇನೆ. ಮನೆಯ ಕಡೆಯಿಂದಲೂ ಮೇಷ್ಟ್ರ ಗುಂಡಾದ ಅಕ್ಷರದಲ್ಲಿ ಉತ್ತರಗಳಿವೆ: ಗಿಡ ಹೂ ಬಿಟ್ಟಿದೆ, ಗಾಳಿಗೆ ಒಂದು ಕೊಂಬೆ ಮುರಿದಿದೆ, ಬೇರು ಗಟ್ಟಿಯಾಗಿದೆ. ಕೊಂಬೆ ಮುರಿದ ಕಾಗದ ಅತ್ತೆ ಹುಟ್ಟಿ ಕೆಲವು ತಿಂಗಳ ಮೇಲಿನದು. ಅಜ್ಜಿ ಆಗ ಬಾಣಂತಿತನದ ಜ್ವರದಿಂದ ಬಹಳ ದಿನ ಮಲಗಿದ್ದರೆಂದು ಅತ್ತೆ ಹಿರಿಯರಿಂದ ಕೇಳಿದ್ದಾರೆ. ಜ್ವರದ ಮಾತು ಯಾವ ಕಾಗದದಲ್ಲೂ ಇಲ್ಲ. ಎಲ್ಲ ಸಾಲಿಗೂ ಹೀಗೆ ಇನ್ನೊಂದು ಅರ್ಥ ಕಟ್ಟುವುದು ಸರಿಯಲ್ಲವೆಂಬ ಎಚ್ಚರ ನನಗಿದೆ. ಕೆಲವು ಕಡೆ ಗಿಡವೆಂದರೆ ಗಿಡವೇ. ಆದರೂ ಪರದೇಶದಲ್ಲಿರುವ ಸೈನಿಕನೊಬ್ಬ ಮೂರೂವರೆ ವರ್ಷ ಒಂದು ನುಗ್ಗೆಯ ಗಿಡದ ಕ್ಷೇಮವನ್ನೇ ಕೇಳುತ್ತ ಬಂದನೆಂದರೆ ಅದು ಸಾರಿಗೆ ಎರಡು ಕಾಯಿ ಸಿಗಲೆಂದು ಆಗಿರಲಾರದು. ಮೇಷ್ಟ್ರಿಗೆ ಇದು ತಿಳಿದಿತ್ತೆಂದೇ ನನ್ನ ಅನುಮಾನ. ಗಿಡದ ಸಾಲನ್ನು ಅವರು ಒಂದು ಸಾರಿಯೂ ಮರೆತಿಲ್ಲ.

1943ರ ಕಾಗದಗಳು ಬೇರೆಯ ಬಗೆಯವು. ಮಳೆ ಕೈಕೊಟ್ಟು, ಜೋಳ ಕೈಗೆ ಹತ್ತದೆ, ಇದ್ದ ಧಾನ್ಯದ ಬೆಲೆ ಏರಿದ ಸುದ್ದಿಯನ್ನು ಮುತ್ತಜ್ಜ ಮುಚ್ಚಿಡದೆ ಬರೆಯಿಸಿದ್ದಾರೆ. ಸೀಮೆಎಣ್ಣೆ ಸಿಗದೆ ರಾತ್ರಿ ಬರೆಯಲಾಗದು, ಆದ್ದರಿಂದ ಕಾಗದ ತಡವಾಯಿತೆಂದು ಮೇಷ್ಟ್ರು ತಮ್ಮ ಕಡೆಯಿಂದ ಒಂದು ಸಾಲು ಸೇರಿಸಿದ್ದಾರೆ. ಬರೆದದ್ದೂ ಶಾಲೆಯ ಮಕ್ಕಳ ಕಾಪಿ ಪುಸ್ತಕದಿಂದ ಹರಿದ ಹಾಳೆಯ ಮೇಲೆ, ಒಂದರಲ್ಲಿ ಹಿಂದೆ ಮಗ್ಗಿಯೂ ಇದೆ. ಭಾರತೀಯ ಯೋಧರ ಕಾಗದಗಳಿಂದ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಸೆನ್ಸಾರ್ ಕಚೇರಿಗಳು ಕಾಲಕಾಲಕ್ಕೆ ವರದಿ ಮಾಡುತ್ತಿದ್ದವು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಮನೆಯಲ್ಲಿ ಧಾನ್ಯವಿಲ್ಲವೆಂಬ ಸುದ್ದಿ ಯೋಧರ ಮನಸ್ಸನ್ನು ಕದಡುತ್ತಿದೆಯೆಂಬ ಮಾತು ಆ ವರ್ಷದ ವರದಿಗಳಲ್ಲಿ ಬರುತ್ತದೆ. ನಮ್ಮ ತಾತನ ಉತ್ತರವೂ ಅದನ್ನೇ ಹೇಳುತ್ತದೆ. ಇಲ್ಲಿ ನಮಗೆ ಹೊಟ್ಟೆತುಂಬ ಕೊಡುತ್ತಾರೆ, ಅದು ಗಂಟಲಲ್ಲಿ ಇಳಿಯುವುದಿಲ್ಲ, ಎತ್ತು ಮಾರಿದರೂ ಚಿಂತೆಯಿಲ್ಲ, ಬೀಜದ ಜೋಳ ಮಾತ್ರ ತಿನ್ನಬೇಡಿ ಎಂದು ಬರೆದಿದ್ದಾರೆ.

ಇಟಲಿಗೆ ಹೋದದ್ದನ್ನು ತಾತ ಹೇಗೆ ತಿಳಿಸಿದರೆಂಬುದು ನನಗೆ ಬಹಳ ಹಿಡಿಸಿತು. ಮಳೆಗಾಲದಲ್ಲಿ ಎರೆಹೊಲಕ್ಕೆ ಬಂಡಿ ಹೊಡೆದುಕೊಂಡು ಹೋದರೆ ಗಾಲಿಯ ಗುಂಬದವರೆಗೆ ಹೂಳುವಂತೆ ಇಲ್ಲಿಯ ದಾರಿಗಳಿವೆ, ಚಳಿಗೆ ಕೈಬೆರಳು ಮಡಚುವುದಿಲ್ಲ ಎಂದು 1944ರ ಜನವರಿಯ ಕಾಗದದಲ್ಲಿದೆ. ಹಿಂದಿನ ಕಾಗದಗಳಲ್ಲಿ ಮರಳು, ಖರ್ಜೂರ, ನೊಣ, ಬಿಸಿಲು, ಇಲ್ಲಿ ಕೆಸರು. ಸೆನ್ಸಾರಿನವರಿಗೆ ಇದರಲ್ಲಿ ಕತ್ತರಿಸುವಂಥದ್ದೇನೂ ಕಾಣಲಿಲ್ಲ. ಮನೆಯವರಿಗೆ ಮಗ ಬೇರೆ ದೇಶಕ್ಕೆ ಹೋದನೆಂದು ತಿಳಿಯಿತು. ಆ ಚಳಿಗಾಲದಲ್ಲಿ 4ನೆಯ ಡಿವಿಷನ್ ಇಟಲಿಯ ಮಾಂಟೆ ಕಸೀನೊ ಬೆಟ್ಟದ ಕೆಳಗಿತ್ತು. ಬೆಟ್ಟದ ಮೇಲಿನ ಮಠದ ಮೇಲೆ ಬಾಂಬು ಬಿದ್ದದ್ದು ಫೆಬ್ರವರಿ 15ರಂದು.

ಅಲ್ಲಿಂದ ಕೆಲವು ವಾರ ಕಾಗದವಿಲ್ಲ. ಬಂದದ್ದು ಒಂದು ಅಚ್ಚು ಹಾಕಿದ ಫೀಲ್ಡ್ ಸರ್ವಿಸ್ ಕಾರ್ಡು. ಕ್ಷೇಮವಾಗಿದ್ದೇನೆ, ಆಸ್ಪತ್ರೆಯಲ್ಲಿದ್ದೇನೆ, ನಿಮ್ಮ ಕಾಗದ ತಲುಪಿತು, ಹೀಗೆ ಮೊದಲೇ ಅಚ್ಚಾದ ಇಂಗ್ಲಿಷ್ ವಾಕ್ಯಗಳಲ್ಲಿ ಬೇಡವಾದವನ್ನು ಹೊಡೆದುಹಾಕಿ ಸಹಿ ಮಾಡಬೇಕು. ಬೇರೆ ಒಂದಕ್ಷರ ಸೇರಿಸಿದರೂ ಕಾರ್ಡನ್ನು ನಾಶ ಮಾಡುತ್ತಿದ್ದರು. ಅದನ್ನು ಓದಬಲ್ಲವರು ಊರಿನಲ್ಲಿ ಇರಲಿಲ್ಲ, ಮೇಷ್ಟ್ರಿಗೆ ವಿಳಾಸ ಬರೆಯುವಷ್ಟು ಇಂಗ್ಲಿಷ್ ಮಾತ್ರ ಬರುತ್ತಿತ್ತು. ಮುತ್ತಜ್ಜ ಅದನ್ನು ಹಿಡಿದು ಕುರುಗೋಡಿಗೆ ನಡೆದು, ಓದಿಸಿಕೊಂಡು, ಹೊಡೆಯದೆ ಉಳಿದ ಸಾಲಿನ ಪಕ್ಕದಲ್ಲಿ ಕನ್ನಡದಲ್ಲಿ "ಕ್ಷೇಮ" ಎಂದು ಬರೆಯಿಸಿಕೊಂಡು ಬಂದರು. ಹೊಡೆದ ಸಾಲುಗಳಲ್ಲಿ ಏನಿತ್ತೆಂದು ಅಜ್ಜಿ ಬಹಳ ದಿನ ಕೇಳುತ್ತಿದ್ದರಂತೆ.

ಇದೇ ಹೊತ್ತಿನಲ್ಲಿ, ಫೆಬ್ರವರಿ 24ರಂದು, ತಾತನ ಕಂಪನಿಯವರೇ ಆದ ಸುಬೇದಾರ್ ಸುಬ್ರಮಣಿಯನ್ ಮಿಗ್ನಾನೊ ಎಂಬಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿ ಪ್ರಾಣಬಿಟ್ಟರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಶೌರ್ಯಪದಕ ಬಂತು. ಮಾರ್ಚ್ ತಿಂಗಳ ಕಾಗದದಲ್ಲಿ ತಾತ ಕಾರಣ ಹೇಳದೆ, ದೊಡ್ಡಬಸವೇಶ್ವರನ ಗುಡಿಯಲ್ಲಿ ಐದು ಜನಕ್ಕೆ ಊಟ ಹಾಕಿಸಬೇಕೆಂದು ತಂದೆಗೆ ಬರೆದಿದ್ದಾರೆ. ಎರಡನ್ನೂ ಸೇರಿಸಿ ಬರೆಯಬೇಕೆಂದು ನನಗೆ ನೆರವಾದವರೊಬ್ಬರು ಸೂಚಿಸಿದರು. ತಾರೀಖು ಹೊಂದುತ್ತದೆ, ನಿಜ. ಆದರೆ ಆ ತಿಂಗಳುಗಳಲ್ಲಿ ಅನ್ನದಾನ ಮಾಡಿಸಬೇಕೆನಿಸಲು ಅಲ್ಲಿದ್ದವರಿಗೆ ಕಾರಣಗಳು ಬೇಕಾದಷ್ಟಿದ್ದವು. ನಾನು ಅವೆರಡನ್ನೂ ಬೇರ್ಬೇರೆ ಟಿಪ್ಪಣಿಗಳಾಗಿಯೇ ಇಟ್ಟಿದ್ದೇನೆ.

1945ರ ಕಾಗದಗಳಿಗೆ ಬರುವ ಹೊತ್ತಿಗೆ ಓದುವುದೇ ಒಂದು ಸಂತೋಷವಾಯಿತು. ಆ ವರ್ಷದ ಫೆಬ್ರವರಿ 28ರಂದು ತುಂಗಭದ್ರೆಗೆ ಅಣೆಕಟ್ಟಿನ ಶಂಕುಸ್ಥಾಪನೆ ನಡೆಯಿತು. ನದಿಯ ನಮ್ಮ ದಡದಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್, ಹೈದರಾಬಾದಿನ ದಡದಲ್ಲಿ ನಿಜಾಮರ ಮಗ ಬೇರಾರಿನ ರಾಜಕುಮಾರರು ಕಲ್ಲು ಇಟ್ಟರು. ಹೊಸಪೇಟೆ ಕಡೆಯ ನೆಂಟರ ಹೊಲ ಮುಳುಗುತ್ತದಂತೆ, ನಮ್ಮ ಕಡೆಗೆ ಕಾಲುವೆ ಬರುತ್ತದಂತೆ ಎಂದು ಮನೆಯಿಂದ ಬರೆದರು. ಅದಕ್ಕೆ ಗ್ರೀಸಿನಿಂದ ಬಂದ ಉತ್ತರದಲ್ಲಿ ತಾತ ಮೊದಲ ಬಾರಿಗೆ ತಮ್ಮ ಕೆಲಸ ಬಲ್ಲವರಾಗಿ ಮಾತಾಡುತ್ತಾರೆ. ಬುನಾದಿಗೆ ಬಂಡೆ ಎಷ್ಟು ಆಳಕ್ಕೆ ಸಿಕ್ಕಿತು, ಸಿಮೆಂಟಿನಿಂದ ಕಟ್ಟುತ್ತಾರೋ ಗಾರೆಯಿಂದಲೋ, ಕಲ್ಲು ಎಲ್ಲಿಂದ ತರುತ್ತಾರೆ, ಹೊಳೆಯನ್ನು ಯಾವ ಕಡೆಗೆ ತಿರುಗಿಸುತ್ತಾರೆ, ನೋಡಿ ಬಂದವರನ್ನು ಕೇಳಿ ಬರೆಯಿಸುವುದು ಎಂದು ಒಂದು ಪುಟ ತುಂಬ ಪ್ರಶ್ನೆಗಳು. ಕೊನೆಗೆ ಅಣೆಕಟ್ಟನ್ನು ಕಲ್ಲು ಮತ್ತು ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದಲೇ ಕಟ್ಟಿದರು. ತಮ್ಮ ತಂದೆಗೆ ಉತ್ತರಿಸಲಾಗದ ಇಂಥ ಪ್ರಶ್ನೆಗಳನ್ನು ಕೇಳಿದ ಈ ಕಾಗದವನ್ನು ನೋಡಿದರೆ, ಮೂರು ವರ್ಷಗಳಲ್ಲಿ ಆ ಮನುಷ್ಯ ಎಷ್ಟು ದೂರ ಹೋಗಿದ್ದರೆಂಬುದು ಅಂಚೆಯ ಮುದ್ರೆಗಿಂತ ಚೆನ್ನಾಗಿ ತಿಳಿಯುತ್ತದೆ.

ಮೇ ತಿಂಗಳಲ್ಲಿ ಯೂರೋಪಿನ ಯುದ್ಧ ಮುಗಿಯಿತು. 4ನೆಯ ಡಿವಿಷನ್ ಗ್ರೀಸಿನಲ್ಲಿಯೇ ಉಳಿಯಿತು, ಅದು ಭಾರತಕ್ಕೆ ಮರಳಿದ್ದು 1946ರಲ್ಲಿ. ಮನೆಯಲ್ಲಿ ಇದು ಯಾರಿಗೂ ಅರ್ಥವಾಗಲಿಲ್ಲ. ಆ ಹೊತ್ತಿಗೆ ಮೇಷ್ಟ್ರಿಗೂ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗದಲ್ಲಿ ಕಾಗದ ಬರೆದವನು ನಾಲ್ಕನೆಯ ತರಗತಿಯ ಒಬ್ಬ ಹುಡುಗ. ಉಭಯಕುಶಲೋಪರಿ ಅವನಿಗೆ ಗೊತ್ತಿಲ್ಲ, ತಿದ್ದುವುದೂ ಗೊತ್ತಿಲ್ಲ. ಹೇಳಿದ್ದನ್ನು ಹೇಳಿದಂತೆಯೇ, ವಕ್ರಾಕ್ಷರದಲ್ಲಿ, ಸಾಲು ಓರೆಯಾಗುತ್ತ ಬರೆದಿದ್ದಾನೆ. ಮಾವ ಹೊಲಕ್ಕೆ ಹೋದಾಗ ಅಜ್ಜಿ ಅವನನ್ನು ಕೂರಿಸಿಕೊಂಡು ಬರೆಯಿಸಿದ್ದಿರಬೇಕು, ಏಕೆಂದರೆ ಇಲ್ಲಿ ಮುತ್ತಜ್ಜನ ಮಾತೇ ಇಲ್ಲ. "ಲಡಾಯಿ ಮುಗದೈತಂತ ಎಲ್ಲಾರೂ ಅಂತಾರ. ನೀವ್ಯಾಕ ಬರವಲ್ರಿ" ಎಂದು ಆರಂಭವಾಗುತ್ತದೆ. ಮಗಳಿಗೆ ಮೂರು ವರ್ಷವಾಯಿತು, ಅಪ್ಪ ಎಲ್ಲೆಂದು ಕೇಳಿದರೆ ಟ್ರಂಕು ತೋರಿಸುತ್ತಾಳೆ ಎಂದಿದೆ. ಆಮೇಲೆ ದೂರು. ಹಣವೆಲ್ಲ ಮಾವನ ಹೆಸರಿಗೆ ಬರುತ್ತದೆ, ಮೈದುನ ಅದನ್ನು ಎತ್ತಿಕೊಳ್ಳುತ್ತಾನೆ, ಕೂಸಿಗೊಂದು ಅಂಗಿಗೂ ತಾನು ಕೈಚಾಚಬೇಕು, ಹೀಗೆ ಒಂದೂವರೆ ಪುಟ. ಇಡೀ ಎರಡು ಗಂಟಿನಲ್ಲಿ ಅಜ್ಜಿಯ ದನಿ ನೇರವಾಗಿ ಕೇಳುವುದು ಇದೊಂದರಲ್ಲಿ. ಕಾಗುಣಿತದ ಒಂದು ತಪ್ಪನ್ನೂ ತಿದ್ದದೆ ಅದನ್ನು ಪ್ರತಿ ಮಾಡಿದೆ.

ತಾತ ಇದಕ್ಕೆ ಕಾಗದದಲ್ಲಿ ಉತ್ತರ ಕೊಟ್ಟಿಲ್ಲ. ಕೊಟ್ಟಿದ್ದರೆ ಅದನ್ನು ಯಾರು ಓದಿ ಹೇಳಬೇಕಿತ್ತು? ಅವರ ಗಂಟಿನಲ್ಲಿ ಮನೆಯ ಕಾಗದಗಳ ನಡುವೆ ಸಿಕ್ಕಿಕೊಂಡಿದ್ದ ಸಣ್ಣ ಚೀಟಿಯೊಂದನ್ನು ನಾನು ಕೊನೆಗೆ ನೋಡಿದೆ. ಅದು ಮನಿಯಾರ್ಡರಿನ ಸ್ವೀಕೃತಿ. ಹಣ ಪಡೆದವರ ಸಹಿಯಾದ ಮೇಲೆ ಕಳುಹಿಸಿದವರಿಗೆ ಹಿಂದಿರುಗುವ ಭಾಗ. ತಂದೆಗೆ ತಿಂಗಳು ತಿಂಗಳು ಹೋಗುತ್ತಿದ್ದ ಹಣ ಸೈನ್ಯದ ಕಚೇರಿಯಿಂದ ನೇರವಾಗಿ ಹೋಗುತ್ತಿತ್ತು. ಇದು ಹಾಗಲ್ಲ, 1945ರ ಕೊನೆಯಲ್ಲಿ ತಾತ ಫೀಲ್ಡ್ ಪೋಸ್ಟ್ ಆಫೀಸಿನಲ್ಲಿ ತಾವೇ ಕಟ್ಟಿದ್ದು, ಹತ್ತು ರೂಪಾಯಿ, ಅಜ್ಜಿಯ ಹೆಸರಿಗೆ. ಕೆಳಗೆ ಅವರ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಸಾಕ್ಷಿಯಾಗಿ ಅದೇ ಹುಡುಗನ ವಕ್ರಾಕ್ಷರ.

ಆ ದೂರಿನ ಕಾಗದವನ್ನು ಪ್ರತಿಯಲ್ಲಿ ಸೇರಿಸಬೇಕೇ ಬೇಡವೇ ಎಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯ ಬಂತು. ಮೈದುನನ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರಿಗೆ ನೋವಾಗುವುದು ಸಹಜ. ಅಷ್ಟು ಭಾಗವನ್ನು ಬಿಟ್ಟು ಉಳಿದದ್ದನ್ನು ಇಡೋಣವೆಂದವರೂ ಇದ್ದರು. ಸೆನ್ಸಾರಿನವರು ಬ್ಲೇಡಿನಿಂದ ಮಾಡಿದ್ದನ್ನು ನಾವು ಕಂಪ್ಯೂಟರಿನಲ್ಲಿ ಮಾಡಿದಂತಾಗುತ್ತದೆಂದು ನಾನು ಹೇಳಿದೆ. ಕೊನೆಗೆ ಅತ್ತೆಯನ್ನೇ ಕೇಳಿದೆವು. "ಇದ್ದದ್ದು ಇದ್ದಂಗ ಹಾಕ್ರಿ. ಆದ್ರ ನಾ ಇರಾತನ ಊರಾಗ ಯಾರಿಗೂ ಓದಿ ಹೇಳಬ್ಯಾಡ್ರಿ" ಎಂದರು. ಅದರಂತೆ ಪೂರ್ತಿ ಪ್ರತಿ ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿದೆ. ಬಳಗಕ್ಕೆ ಮುದ್ರಿಸಿ ಕೊಟ್ಟದ್ದರಲ್ಲಿ ಆ ಕಾಗದದ ಸಂಖ್ಯೆ ಮತ್ತು ತಾರೀಖು ಮಾತ್ರ ಇದ್ದು ಪುಟ ಖಾಲಿಯಾಗಿದೆ. ಮೂಲ ಕಾಗದಗಳನ್ನು ಆಮ್ಲವಿಲ್ಲದ ಹಾಳೆಗಳ ನಡುವೆ ಮಡಿಸದೆ ಜೋಡಿಸಿ, ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ; ಮಳೆಗಾಲ ಮುಗಿದ ಮೇಲೆ ಆ ಪೊಟ್ಟಣಗಳನ್ನು ಬದಲಿಸಬೇಕು. ಮೇಷ್ಟ್ರ ಮನೆತನದವರು ಈಗ ರಾಯಚೂರಿನಲ್ಲಿದ್ದಾರೆಂದು ತಿಳಿದುಬಂದಿದೆ. ಊರೂರಿನ ಕಾಗದ ಬರೆದುಕೊಟ್ಟವರು ತಮಗಾಗಿ ಏನಾದರೂ ಬರೆದಿಟ್ಟಿದ್ದರೇ ಎಂದು ಅವರನ್ನು ವಿಚಾರಿಸುವುದಿದೆ.